ದಾನ ಕಲೊಲೈನೆ ಅತ್ತೆಯದು

ಈಗ ಮೈಮೇಲಿರುವ ಅಂಗಿಯೊಂದನ್ನು ಬಿಟ್ಟರೆ ನನ್ನ ಮಿಕ್ಕ ಅಂಗಿಗಳು ಎಲ್ಲಿವೆಯೆಂದು ನನಗೆ ಗೊತ್ತಿಲ್ಲ. ಕಲೊಲೈನೆ ಅತ್ತೆಗೆ ಗೊತ್ತು. ನೀಲಿಯದು ಫಿಜಿಯ ನೆರೆಸಂತ್ರಸ್ತರ ಬಳಿ ಇದೆ. ಚೌಕಳಿಯದು ಸಮೋವಾದ ಯಾವುದೋ ಆಸ್ಪತ್ರೆಯಲ್ಲಿ ಯಾರೋ ರೋಗಿಯ ಮೈಮೇಲಿದೆ. ಅವನು ಗುಣವಾದನೋ ಇಲ್ಲವೋ ತಿಳಿಯದು. ಅಂಗಿಯಂತೂ ಬಿಡುಗಡೆಯಾಗಿ ಬರಲಿಲ್ಲ. ನನ್ನ ಎರಡು ಕಂಬಳಿ, ಒಂದು ಕೊಡೆ, ಹೊಸ ಕೆಟಲು ಎಲ್ಲವೂ ಸಮುದ್ರ ದಾಟಿ ಪುಣ್ಯ ಸಂಪಾದಿಸುತ್ತಿವೆ. ರೇಡಿಯೋದಲ್ಲಿ ಭೂಕಂಪದ ಸುದ್ದಿ ಬಂದರೆ ಊರಿನವರು ಪ್ರಾರ್ಥನೆಗೆ ಕೂರುತ್ತಾರೆ. ನಾನು ಪಾತ್ರೆ ಅಡಗಿಸಲು ಏಳುತ್ತೇನೆ.

ಇದು ಕಳ್ಳತನವಲ್ಲ, ಹಕ್ಕು. ಟೊಂಗಾದಲ್ಲಿ ಅಪ್ಪನ ಅಕ್ಕ ಎಂದರೆ ಸಾಮಾನ್ಯವಲ್ಲ. ಸೋದರನ ಮಕ್ಕಳ ಮನೆಯಲ್ಲಿ ಆಕೆ ಕೈಯಿಟ್ಟದ್ದೆಲ್ಲ ಆಕೆಯದೇ. ಆಕೆ ಕೇಳಬೇಕಾಗಿಲ್ಲ, ನಾವು ಕೊಡಬೇಕಾಗಿಯೂ ಇಲ್ಲ. ತಲೆ ತಗ್ಗಿಸಿ ದಾರಿ ಬಿಟ್ಟರೆ ಸಾಕು. ತಡೆದರೆ ಅತ್ತೆಯ ಮನಸ್ಸು ಕಹಿಯಾಗುತ್ತದೆ, ಅದು ಕಹಿಯಾದರೆ ಮನೆಯ ಹೆಣ್ಣುಮಕ್ಕಳಿಗೆ ಹೆರಿಗೆ ಕಷ್ಟವಾಗುತ್ತದೆ. ಊರಿನ ಬೇರೆ ಅತ್ತೆಯರು ಈ ಹಕ್ಕನ್ನು ಮದುವೆಗೋ ಸಾವಿಗೋ ಬಂದಾಗ ಚಲಾಯಿಸಿ, ಹಂದಿಯ ತೊಡೆಯೊಂದನ್ನು ಹೊತ್ತುಕೊಂಡು ಹೋಗಿ ಸುಮ್ಮನಾಗುತ್ತಾರೆ. ನಮ್ಮ ಅತ್ತೆಗೆ ದೇವರು ಹಕ್ಕಿನ ಜೊತೆ ದಯೆಯನ್ನೂ ಕೊಟ್ಟುಬಿಟ್ಟ. ಇವೆರಡೂ ಒಂದೇ ಎದೆಯಲ್ಲಿದ್ದರೆ ಆ ಎದೆಯವರಿಗೆ ಸೋದರಳಿಯನಾಗಿ ಹುಟ್ಟಬಾರದು.

ನಲವತ್ತು ವರ್ಷದಿಂದ ಅವರು ನಮ್ಮ ಚರ್ಚಿನ ಮಹಿಳಾಕೂಟದ ಮುಖ್ಯಸ್ಥೆ. ಪ್ರತಿ ಬುಧವಾರ ಚರ್ಚಿನ ಹಜಾರದಲ್ಲಿ ಹೆಂಗಸರು ಸೇರಿ ಕೌದಿ ಹೊಲಿಯುತ್ತಾರೆ, ಬುಟ್ಟಿ ಹೆಣೆಯುತ್ತಾರೆ, ಮನೆಮನೆಯಿಂದ ತಂದದ್ದನ್ನು ಮಡಿಸಿ ಪೆಟ್ಟಿಗೆ ತುಂಬುತ್ತಾರೆ. ಅತ್ತೆ ಕೈಯಲ್ಲಿ ಬೀಸಣಿಗೆ ಹಿಡಿದು ಸಾಲುಗಳ ನಡುವೆ ಓಡಾಡುತ್ತಾರೆ. “ಇನ್ನೊಂಚೂರು ಬಿಗಿ ಕಣಮ್ಮಾ, ಬಡವರು ಅಂದ್ರೆ ಕಣ್ಣಿಲ್ವಾ ಅವರಿಗೆ?” ಎನ್ನುತ್ತಾರೆ. ಅವರೇ ಸೂಜಿ ಹಿಡಿದದ್ದನ್ನು ಕಂಡವರು ಯಾರೂ ಬದುಕಿಲ್ಲ. ಪೆಟ್ಟಿಗೆಗಳು ಹಡಗು ಹತ್ತುವ ಮೊದಲು ಪಾದ್ರಿಗಳು ದಾನಿಗಳ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತಾರೆ. ಮೊದಲ ಹೆಸರು ಯಾವಾಗಲೂ ಕಲೊಲೈನೆ. ವಸ್ತುಗಳು ಯಾವಾಗಲೂ ನನ್ನವು. ನನ್ನ ಕೆಟಲಿಗೆ ಇಡೀ ಸಭೆ ಆಮೆನ್ ಎಂದ ದಿನ ನಾನೂ ಅಂದೆ. ಬೇರೇನು ಅನ್ನಲಿ?

ಹೀಗಿರುವಾಗ ಆಸ್ಟ್ರೇಲಿಯಾದಲ್ಲಿ ಕಾಡಿಗೆ ಬೆಂಕಿ ಬಿತ್ತು. ನಮ್ಮ ಚರ್ಚಿನ ಜೊತೆ ನಂಟಿಟ್ಟುಕೊಂಡಿದ್ದ ಸಭೆಯ ಊರು ಸುಟ್ಟುಹೋಯಿತು, ಅವರ ಪ್ರಾರ್ಥನಾಮಂದಿರವೂ ಬೂದಿಯಾಯಿತು. ಹಿಂದೆ ನಮಗೆ ಚಂಡಮಾರುತ ಬಡಿದಾಗ ಅವರು ಹದಿನಾರು ಪೆಟ್ಟಿಗೆ ತುಂಬ ಉಣ್ಣೆಯ ಟೋಪಿ ಕಳಿಸಿದ್ದರು. ತೆಂಗಿನ ನೆರಳಲ್ಲಿ ಬೆವರುತ್ತ ಆ ಟೋಪಿ ಹಾಕಿಕೊಂಡು ನಾವು ಕೃತಜ್ಞತೆಯ ಫೋಟೋ ತೆಗೆಸಿಕೊಂಡಿದ್ದೆವು. ಋಣ ತೀರಿಸದೆ ಅತ್ತೆ ಬಿಡುವವರೇ? ಅವರು ಆ ಭಾನುವಾರವೇ ಎದ್ದು ನಿಂತು ಘೋಷಿಸಿದರು: “ಅವರ ಹೊಸ ಮಂದಿರದ ನೆಲಕ್ಕೆ ನಮ್ಮ ಕೂಟದಿಂದ ಒಂದು ದೊಡ್ಡ ಚಾಪೆ. ಮೂರೇ ವಾರದಲ್ಲಿ.”

ಸಭೆ ಬೆರಗಾಯಿತು. ಕೇದಗೆ ಎಲೆ ಕೊಯ್ದು, ಬೇಯಿಸಿ, ಕಡಲಲ್ಲಿ ನೆನೆಸಿ, ಒಣಗಿಸಿ, ದಾರದಷ್ಟು ಸಣ್ಣಗೆ ಸೀಳಿ ಹೆಣೆಯುವ ಅಂಥ ಚಾಪೆಗೆ ವರ್ಷ ಬೇಕು. ಬೆರಗಾಗದವರು ಇಬ್ಬರೇ: ನಾನು ಮತ್ತು ನನ್ನ ಹೆಂಡತಿ ಸೆನೊಲೀತಾ. ಹದಿಮೂರು ತಿಂಗಳಿಂದ ಅಂಥದೊಂದು ಚಾಪೆ ನಮ್ಮ ಮನೆಯಲ್ಲೇ ಬೆಳೆಯುತ್ತಿತ್ತು. ಸೆಪ್ಟೆಂಬರಿನಲ್ಲಿ ನಮ್ಮ ಮಗಳು ಇಲೈಸೆಯ ಮದುವೆ, ಅವಳು ಕೂರಬೇಕಾದದ್ದು ಅದರ ಮೇಲೆ.

ಮರುದಿನವೇ ಅತ್ತೆ ಬಂದರು. ಚಹಾ ಕುಡಿದರು. ಚಾಪೆಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸವರಿದರು.

“ಎಂಥ ಸಣ್ಣ ಹೆಣಿಗೆನಮ್ಮಾ ಸೆನೊಲೀತಾ! ಬಟ್ಟೆ ಇದ್ದಂಗಿದೆ.”

ನಮ್ಮ ಮನೆಯಲ್ಲಿ ಅತ್ತೆಯ ಹೊಗಳಿಕೆ ಎಂದರೆ ಜಪ್ತಿಯ ನೋಟೀಸು.

“ಇಲೈಸೆ ಮದುವೆಗೆ, ಅತ್ತೆ,” ಎಂದಳು ಸೆನೊಲೀತಾ.

“ಗೊತ್ತು, ಗೊತ್ತು. ಉದ್ದ ಎಷ್ಟು?”

“ಮೂವತ್ತು ಅಡಿ.”

“ನೋಡಿದ್ಯಾ! ಆ ಮಂದಿರದ ಅಳತೇನೂ ಅಷ್ಟೇ ಅಂತೆ. ದೇವರ ಕೆಲಸ.”

“ದೇವರು ನಮ್ಮನೇಗೆ ಅಳತೆ ತಗೊಳ್ಳೋಕೆ ಯಾವಾಗ ಬಂದಿದ್ರು, ಅತ್ತೆ?”

“ಏನೋ ಫೆಲೆತಿ, ನಿನ್ನ ಹೆಂಡತಿ ಬಾಯಿ ಉದ್ದ ಆಗ್ತಿದೆ.”

“ಹಂದಿ ಯಾಕೋ ಕೂಗ್ತಿದೆ, ನೋಡ್ಕೊಂಡು ಬರ್ತೀನಿ,” ಎಂದು ನಾನು ಹಿತ್ತಲಿಗೆ ಹೋದೆ. ಹಂದಿ ನಿದ್ದೆಯಲ್ಲಿತ್ತು. ಅತ್ತೆ ಹೋಗುವವರೆಗೂ ಅದರ ಪಕ್ಕದಲ್ಲೇ ಕೂತಿದ್ದೆ.

“ಹೇಗಿದೆ ಹಂದಿ?” ಒಳಗೆ ಬಂದಾಗ ಸೆನೊಲೀತಾ ಕೇಳಿದಳು.

“ಚೆನ್ನಾಗಿದೆ.”

“ನಿಮ್ಮಿಬ್ಬರಲ್ಲಿ ನಾನು ಮದುವೆ ಆಗಿದ್ದು ಯಾರನ್ನ ಅಂತಾನೇ ಗೊತ್ತಾಗ್ತಿಲ್ಲ. ಚಾಪೆ ಮುಗಿಯೋಕೆ ಹತ್ತು ದಿನ ಕೊಟ್ಟಿದ್ದಾರೆ ನಿಮ್ಮತ್ತೆ. ನನ್ನ ಮಗಳು ಬರೀ ನೆಲದ ಮೇಲೆ ಕೂತು ಮದುವೆ ಆಗ್ಬೇಕಾ? ಗಂಡಿನ ಕಡೆಯೋರು ಮೊಮ್ಮಕ್ಕಳ ಕಾಲಕ್ಕೂ ಆಡ್ಕೋತಾರೆ.”

“ಅತ್ತೆಗೆ ಇಲ್ಲ ಅನ್ನೋಕಾಗುತ್ತೇನೇ?”

“ನಮಗಾಗಲ್ಲ. ಅವರಿಗೆ ಇಲ್ಲ ಅನ್ನೋರು ಯಾರಾದ್ರೂ ಇರಬೇಕಲ್ಲ! ನಿಮ್ಮತ್ತೆಗೂ ಒಬ್ಬ ಅತ್ತೆ ಇದ್ದಿರಬೇಕು ತಾನೇ?”

“ತೀರಿಹೋಗಿ ಮೂವತ್ತು ವರ್ಷ ಆಯ್ತು.”

“ಅವರಿಗೆ ಮಕ್ಕಳು?”

“ಒಬ್ಬಳೇ ಮಗಳು. ಮೆಲೆನಾಯಿತೆ. ಆಚೆ ದ್ವೀಪದಲ್ಲಿ, ನುಕುಅಲೋಫದಲ್ಲಿದ್ದಾರೆ. ಎಂಬತ್ತೆರಡು ವರ್ಷ.”

“ತಾಯಿ ಹಕ್ಕು ಮಗಳಿಗೂ ಬರುತ್ತಲ್ವಾ?” ಎಂದಳು. ಬರುತ್ತದೆ. ಅಷ್ಟರಲ್ಲಿ ಅವಳು ಫೋನು ಕೈಗೆತ್ತಿಕೊಂಡಾಗಿತ್ತು.

ಹತ್ತು ದಿನಕ್ಕೆ ಚಾಪೆ ಮುಗಿಯಿತು. ಹೇಳಿದ ದಿನವೇ ಚರ್ಚಿನ ಹಜಾರಕ್ಕೆ ಹೋಯಿತು. ಅರ್ಪಣೆಯ ದಿನ ಊರೆಲ್ಲ ನಮ್ಮಲ್ಲಿನ ಮರ್ಯಾದೆಯ ಉಡುಪಿನಂತೆ ಸೊಂಟಕ್ಕೆ ಪುಟ್ಟ ಚಾಪೆ ಸುತ್ತಿಕೊಂಡು ಬಂದಿತ್ತು. ಕೌದಿಗಳ ರಾಶಿ, ದಿಂಬಿನ ಚೀಲಗಳ ರಾಶಿ, ಮಾಂಸದ ಡಬ್ಬಿಗಳ ಗೋಪುರ. ನಡುವೆ ಹೊಳೆಯುತ್ತ ಹಾಸಿಕೊಂಡಿದ್ದ ನಮ್ಮ ಚಾಪೆ. ಪಾದ್ರಿಗಳು ಫೋಟೋ ತೆಗೆದು ಆಸ್ಟ್ರೇಲಿಯಾಕ್ಕೆ ಕಳಿಸಿ, ಪಟ್ಟಿ ಬಿಚ್ಚಿ ಓದಿದರು: “ಕಲೊಲೈನೆಯವರಿಂದ, ಒಂದು ಚಾಪೆ, ಮೂವತ್ತು ಅಡಿ.” ಸಭೆ ಆಮೆನ್ ಎಂದಿತು. ಸೆನೊಲೀತಾ ಬಾಗಿಲ ಕಡೆ ನೋಡುತ್ತಿದ್ದಳು.

ಮೆಲೆನಾಯಿತೆ ಒಳಗೆ ಬಂದದ್ದು ಆಗಲೇ. ಹಿಡಿಯಷ್ಟು ಮುದುಕಿ, ಕೈಯಲ್ಲಿ ಊರುಗೋಲು. ಆದರೆ ಅತ್ತೆ ಬೀಸಣಿಗೆಯನ್ನು ತಟ್ಟನೆ ಮಡಿಲಲ್ಲಿ ಮುಚ್ಚಿಟ್ಟು ನೆಲಕ್ಕೆ ಕುಸಿದು ಕೂತರು. ಎಪ್ಪತ್ತು ವರ್ಷದ ಆ ದೊಡ್ಡ ಮೈ ಅಷ್ಟು ಚಿಕ್ಕದಾದದ್ದನ್ನು ನಾನು ಕಂಡಿರಲಿಲ್ಲ. ಮುದುಕಿ ನೇರವಾಗಿ ಚಾಪೆಯ ನಡುವೆ ಹೋಗಿ ಕೂತು, ಅಂಚನ್ನು ಎರಡು ಬೆರಳಲ್ಲಿ ಸವರಿದರು.

“ಎಂಥ ಸಣ್ಣ ಹೆಣಿಗೆಯೇ ಕಲೋ! ನಿಂದಾ ಇದು?”

ಅತ್ತೆ ಪಟ್ಟಿಯ ಕಡೆ ನೋಡಿದರು, ಪಾದ್ರಿಗಳ ಕಡೆ ನೋಡಿದರು. “ಹೂಂ ಅಕ್ಕಾ, ನಂದೇ,” ಎಂದರು.

“ಹಾಗಾದ್ರೆ ಸುತ್ತಿ ಕೊಡು. ನಾಲ್ಕು ಗಂಟೆಗೆ ಹಡಗು.”

ನಾನು ಸೆನೊಲೀತಾಳ ಕಿವಿಯಲ್ಲಿ ಕೇಳಿದೆ: “ಆಮೇಲೆ ನಮಗೆ ತಿರುಗಿ ಕೊಡ್ತಾರೆ ತಾನೇ? ಫೋನಲ್ಲಿ ಒಪ್ಪಿದ್ದಾರಲ್ಲ?”

ಅವಳ ಮುಖ ಬಿಳಿಚಿತ್ತು. “ಬನ್ನಿ ಅಂದೆ, ಬರ್ತೀನಿ ಅಂದ್ರು. ಅಷ್ಟೇ. ಅಷ್ಟು ದೊಡ್ಡೋರ ಹತ್ರ, ತಗೊಂಡು ನಮಗೆ ಕೊಡಿ ಅಂತ ಬಾಯಿಬಿಟ್ಟು ಹೇಗ್ರೀ ಕೇಳೋದು?”

ಕೇಳಲಾಗುವುದಿಲ್ಲ, ನಿಜ. ಟೊಂಗಾದವಳಲ್ಲದಿದ್ದರೆ ಅವಳು ಕೇಳಿಬಿಡುತ್ತಿದ್ದಳೋ ಏನೋ. ನೋಡನೋಡುತ್ತಿದ್ದಂತೆ ಹದಿಮೂರು ತಿಂಗಳು ಸುರುಳಿಯಾಗಿ ಇಬ್ಬರ ಹೆಗಲೇರಿ ಬಂದರಿನ ಕಡೆ ಹೊರಟಿತು. ಶಾರ್ಕಿನ ಬಾಯಿಂದ ಮೀನು ಬಿಡಿಸಲು ನಾವು ತಿಮಿಂಗಿಲವನ್ನು ಕರೆಸಿದ್ದೆವು.

ಫೋಟೋ ಆಸ್ಟ್ರೇಲಿಯಾ ತಲುಪಿಯಾಗಿತ್ತು. ಪಾದ್ರಿಗಳು ಕೆಮ್ಮಿದರು. “ಕಲೊಲೈನೆಯವರೇ, ಈಗ ಆ ಚಾಪೆ...?”

ಅತ್ತೆ ಅಭ್ಯಾಸಬಲದಿಂದ ನನ್ನ ಕಡೆ ತಿರುಗಿದರು. ನಾನು ಖಾಲಿ ಕೈ ಎರಡನ್ನೂ ಚಾಚಿ ತೋರಿಸಿದೆ. ತೆಗೆದುಕೊಳ್ಳಲು ನಮ್ಮ ಮನೆಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಎಲ್ಲವನ್ನೂ ಅವರೇ ಕೊಟ್ಟು ಮುಗಿಸಿದ್ದರು.

ಅವರು ಎದ್ದು ಹೊರಗೆ ಹೋದರು. ಅರ್ಧ ಗಂಟೆಯ ಮೇಲೆ ತಿರುಗಿ ಬಂದಾಗ ಹೆಗಲ ಮೇಲೆ ಹಳೆಯದೊಂದು ಸುರುಳಿಯಿತ್ತು. ಸಹಾಯಕ್ಕೆ ಬಂದವರನ್ನು ಮೊಣಕೈಯಿಂದ ತಳ್ಳಿದರು. ಅದು ಅವರ ಹಾಸಿಗೆಯ ಕೆಳಗೆ ಐವತ್ತು ವರ್ಷ ಮಲಗಿದ್ದ ಅವರ ಮದುವೆಯ ಚಾಪೆ. ಅವರ ತಾಯಿ ಹೆಣೆದದ್ದಂತೆ. ಮದುವೆಯ ಚಾಪೆಗೆ ಆಗಲೂ ಮೂವತ್ತೇ ಅಡಿ. ಜೇನಿನ ಬಣ್ಣಕ್ಕೆ ತಿರುಗಿತ್ತು. ರಾಶಿಯ ನಡುವೆ ಅದನ್ನು ಬಿಚ್ಚಿ ಹಾಸಿದರು, ಮೂಲೆಗಳನ್ನು ಅಂಗೈಯಿಂದ ಒತ್ತಿ ಸರಿಮಾಡಿದರು. ಆಮೇಲೂ ಸ್ವಲ್ಪ ಹೊತ್ತು ಅಂಗೈ ತೆಗೆಯಲಿಲ್ಲ.

ಪಾದ್ರಿಗಳು ಪೆನ್ನು ತೆಗೆದು ಪಟ್ಟಿ ನೋಡಿದರು, ಮತ್ತೆ ಪೆನ್ನು ಮುಚ್ಚಿದರು. ಒಂದಕ್ಷರವನ್ನೂ ತಿದ್ದಬೇಕಾಗಿರಲಿಲ್ಲ. ಕಲೊಲೈನೆಯವರಿಂದ, ಒಂದು ಚಾಪೆ, ಮೂವತ್ತು ಅಡಿ. ನಲವತ್ತು ವರ್ಷದಲ್ಲಿ ಮೊದಲ ಸಲ ಅದು ನಿಜವಾಗಿತ್ತು, ಮೊದಲ ಸಲ ಯಾರೂ ಆಮೆನ್ ಎನ್ನಲಿಲ್ಲ.

ಮಾರನೆಯ ಬೆಳಿಗ್ಗೆ ಅತ್ತೆ ಕೇದಗೆ ಸೀಳಿನ ದೊಡ್ಡ ಹೊರೆಯೊಂದನ್ನು ನಮ್ಮ ಬಾಗಿಲಲ್ಲಿ ದೊಪ್ಪನೆ ಇಳಿಸಿದರು.

“ಇಷ್ಟೊಂದು ಎಲ್ಲಿಂದ, ಅತ್ತೆ?” ಎಂದೆ.

“ನಿನ್ನ ತಮ್ಮ ಸಿಯೊಸಾಯನ ಮನೆಯಿಂದ. ಅವನೂ ನನ್ನ ಸೋದರಳಿಯನೇ ಅಲ್ವೇನೋ?” ಎಂದು ಸೆನೊಲೀತಾಳ ಕಡೆ ತಿರುಗಿ, “ಸ್ವಲ್ಪ ಆಚೆ ಸರಿಯಮ್ಮ, ಎರಡು ಕೈಗಿಂತ ನಾಲ್ಕು ಕೈ ವಾಸಿ,” ಎಂದು ನೆಲಕ್ಕೆ ಕೂತರು.

ಆ ಕೈಗಳಿಗೆ ಕೆಲಸ ಮರೆತುಹೋಗಿತ್ತು. ಅತ್ತೆ ಹೆಣೆದ ಕಡೆಯೆಲ್ಲ ಚಾಪೆ ಬೆಟ್ಟಗುಡ್ಡವಾಯಿತು. “ಇನ್ನೊಂಚೂರು ಬಿಗಿ, ಅತ್ತೆ. ಗಂಡಿನ ಕಡೆಯೋರು ಅಂದ್ರೆ ಕಣ್ಣಿಲ್ವಾ ಅವರಿಗೆ?” ಎಂದಳು ಸೆನೊಲೀತಾ. ಮನೆಯ ಹೆರಿಗೆಗಳ ಭವಿಷ್ಯ ನೆನೆದು ನಾನು ಹಂದಿಯ ಕಡೆ ಹೊರಡಲಿದ್ದೆ. ಅತ್ತೆ ತುಟಿ ಬಿಗಿದು, ಆ ಸಾಲನ್ನು ಬಿಚ್ಚಿ ಮತ್ತೆ ಹೆಣೆದರು.

ಮದುವೆಯ ದಿನಕ್ಕೆ ಆದದ್ದು ಹದಿನೆಂಟು ಅಡಿ. ಗಂಡಿನ ಕಡೆಯವರು ಕಣ್ಣಲ್ಲೇ ಅಳೆದರು, ಹೇಳಲಿಲ್ಲ, ಆಮೇಲೆ ಹೇಳುತ್ತಾರೆ. ಮೆಲೆನಾಯಿತೆಯೂ ಬಂದಿದ್ದರು. ಕರೆಯದೆ ಇರಲಾಗುತ್ತದೆಯೇ? ಊಟ ಮುಗಿಸಿ ಊರುಗೋಲು ಊರಿಕೊಂಡು ಬಂದು, ಬಾಗಿ, ಚಾಪೆಯ ಅಂಚಿಗೆ ಎರಡು ಬೆರಳು ಚಾಚಿದರು.

“ಇಲೈಸೆ, ಏಳಬೇಡ,” ಎಂದರು ಕಲೊಲೈನೆ ಅತ್ತೆ ಮೆಲ್ಲಗೆ, ಮದುಮಗಳ ಬೆನ್ನ ಹಿಂದಿನಿಂದ.

ಇಲೈಸೆ ಏಳಲಿಲ್ಲ. ಕುಣಿಯಲು ಕರೆದರು, ಏಳಲಿಲ್ಲ. ಮದುಮಗ ಬಂದು ಕೈಹಿಡಿದು ಎಳೆದ. ಅತ್ತೆ ಅವನನ್ನೂ ಪಕ್ಕಕ್ಕೆ ಎಳೆದು ಚಾಪೆಯ ಮೇಲೇ ಕೂರಿಸಿದರು. ನಾಲ್ಕು ಗಂಟೆಗೆ ಬಂದರಿನಲ್ಲಿ ಹಡಗು ಕೂಗಿ, ಮುದುಕಿಯನ್ನು ಹತ್ತಿಸಿಕೊಂಡು ಹೋದ ಮೇಲೆಯೇ ನನ್ನ ಮಗಳು ಮರಗಟ್ಟಿದ ಕಾಲನ್ನು ಒದರಿಕೊಂಡು ಎದ್ದದ್ದು.