ನಿಲ್ಲದ ಜೀರುಂಡೆ

ಚೊಚ್ಚಲ ಬಾಣಂತನ ಮುಗಿಸಿ ಹೊಸನಗರದ ಕಡೆಯ ಗಂಡನ ಮನೆಗೆ ಮರಳಿದಾಗ ನನ್ನ ಎರಡೂ ಕಂಕುಳಲ್ಲಿ ಕುರು. ಒಂದು ಒಡೆದರೆ ಪಕ್ಕದಲ್ಲೇ ಇನ್ನೊಂದು. ಕೀವು ಸೋರಿ ರವಿಕೆ ಚರ್ಮಕ್ಕೆ ಅಂಟುತ್ತಿತ್ತು. ಕೈಯೆತ್ತಿ ಜಡೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ. ಜಡೆ ಹಾಳಾಗಲಿ, ಮಗಳನ್ನು ಕಂಕುಳಿಗೆ ಎತ್ತಿಕೊಳ್ಳಲೂ ಆಗುತ್ತಿರಲಿಲ್ಲ. ಅವಳು ಅತ್ತರೆ ಅತ್ತೆಯವರು ಎತ್ತಿಕೊಳ್ಳುತ್ತಿದ್ದರು, ನಾನು ನೋಡುತ್ತ ಕೂರುತ್ತಿದ್ದೆ. ಆ ವಾಸನೆಗೆ ನನ್ನ ಮೈ ನನಗೇ ಹೇಸಿಗೆಯಾಗಿತ್ತು.

ನಾಗನ ದೋಷ ಎಂದರು ಕೆಲವರು. ಹರಕೆ ಹೊತ್ತದ್ದಾಯಿತು, ಬೇವು ಅರಿಶಿನ ಅರೆದು ಹಚ್ಚಿದ್ದಾಯಿತು. ಅರವತ್ತರ ದಶಕದ ಆ ಬೇಸಿಗೆಯಲ್ಲಿ ಮನೆಯವರು ಕೊನೆಗೆ ತೀರ್ಥಹಳ್ಳಿಯ ಡಾಕ್ಟರ ಬಳಿ ಕರೆದೊಯ್ದರು.

"ಬರೀ ಪೆನ್ಸಿಲಿನ್‌ಗೆ ಇದು ಬಗ್ಗಲ್ಲಮ್ಮ. ಸ್ಟ್ರೆಪ್ಟೊಮೈಸಿನ್ನೂ ಸೇರಿಸ್ಬೇಕು. ಮಧ್ಯ ಬಿಡಂಗಿಲ್ಲ," ಎಂದರು ಡಾಕ್ಟರು.

ನಮ್ಮ ಕಡೆಯ ಕಾಂಪೌಂಡರು ದಿನಾ ಸೈಕಲ್ಲಿನಲ್ಲಿ ಬಂದು, ಗಾಜಿನ ಸಿರಿಂಜನ್ನು ನಮ್ಮ ಒಲೆಯ ಮೇಲೆಯೇ ಕುದಿಸಿ, ಎರಡೂ ಔಷಧಿ ಚುಚ್ಚಿ ಹೋಗುತ್ತಿದ್ದರು. ಕೂರಲೂ ಆಗದಷ್ಟು ನೋವು. ಆದರೆ ಕುರು ಬತ್ತತೊಡಗಿತು. ನಡೆದರೆ ತೂರಾಡುತ್ತಿದ್ದೆ, ನಿತ್ರಾಣ ಎಂದುಕೊಂಡೆವು.

ಒಂದು ಸಂಜೆ ಅತ್ತೆಯವರಿಗೆ ಹೇಳಿದೆ, "ಈ ಸಲ ಜೀರುಂಡೆ ಕಾಟ ಜಾಸ್ತಿ ಅಲ್ದಾ ಅತ್ತೆ? ಕಿವಿ ತೂತು ಬೀಳ್ತದೆ."

"ಬ್ಯಾಸಿಗೇಲಿ ಕೂಗ್ದೆ ಇನ್ಯಾವಾಗ ಕೂಗ್ತಾವೆ?" ಎಂದು ಅವರು ನಕ್ಕರು. ನಾನೂ ನಕ್ಕೆ.

ಬಯಲುಸೀಮೆಯವಳಾಗಿದ್ದರೆ ಗಾಬರಿಯಾಗಿ ಡಾಕ್ಟರ ಹತ್ತಿರ ಓಡುತ್ತಿದ್ದೆನೇನೋ. ಕಾಡಿನ ನಡುವೆ ಹುಟ್ಟಿ ಬೆಳೆದವಳಿಗೆ ಆ ಸದ್ದು ರೋಗವೆಂದು ಹೊಳೆಯುವುದಾದರೂ ಹೇಗೆ?

ಮಳೆ ಹಿಡಿದ ಮೇಲೆ ಜೀರುಂಡೆಗಳು ಸುಮ್ಮನಾದವಂತೆ. ಅಂತೆ ಎನ್ನುತ್ತೇನೆ, ನನಗೆ ಅವು ಸುಮ್ಮನಾಗಲೇ ಇಲ್ಲ. ಕುರು ಮತ್ತೆ ಏಳದಿರಲೆಂದು ಸೂಜಿ ಇನ್ನೂ ನಡೆದಿತ್ತು. "ಈ ಮಳೇಲೂ ಎಷ್ಟು ಕೂಗ್ತಾವೆ ನೋಡಿ," ಎಂದಾಗ ಅತ್ತೆ ಸೌದೆ ಒಟ್ಟುವುದನ್ನು ಬಿಟ್ಟು ನನ್ನ ಮುಖವನ್ನೇ ನೋಡಿದರು.

"ಎಂತ ಕೂಗ್ತಾವೆ ಮಾರಾಯ್ತಿ? ಒಂದೂ ಇಲ್ಲ."

ಮತ್ತೆ ತೀರ್ಥಹಳ್ಳಿಗೆ ಹೋದೆವು. ಡಾಕ್ಟರು ಅಂದೇ ಸೂಜಿ ನಿಲ್ಲಿಸಿದರು. ಆ ಔಷಧಿ ಕೆಲವರ ಕಿವಿ ಕೆಡಿಸುತ್ತದೆ, ಹೋದ ಕಿವಿ ಮತ್ತೆ ಬರುವುದಿಲ್ಲ ಎಂದು ಮನೆಯವರಿಗೆ ಹೇಳಿದರಂತೆ. ನನಗೆ ಹೇಳುವ ಧೈರ್ಯ ಡಾಕ್ಟರಿಗೂ ಇರಲಿಲ್ಲ, ಗಂಡನಿಗೂ ಇರಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ.

ಕಂಕುಳು ವಾಸಿಯಾಯಿತು. ಮಗಳನ್ನು ಎತ್ತಿಕೊಂಡೆ. ಅತ್ತೆ ಇಳಿಸು ಎಂದರೂ ಇಳಿಸದೆ ಮನೆ ತುಂಬ ಓಡಾಡಿದೆ. ಅವಳು ನನ್ನ ಕಿವಿಗೆ ಬಾಯಿಟ್ಟು ಏನೋ ಅಂದಳು. ಉಸಿರು ಬೆಚ್ಚಗೆ ತಾಗಿತು, ಅಷ್ಟೇ.

"ಎಂತ ಅಂತಾಳೆ ಅತ್ತೆ?"

ಅವರು ಹತ್ತಿರ ಬಂದು ಕೂಗಿ ಹೇಳಬೇಕಾಯಿತು. "ಅಮ್ಮ ಅಂತಾಳೆ ಕಣೇ."

ಈಗ ಅವಳಿಗೂ ತಲೆ ನರೆತಿದೆ. ಆ ಬೇಸಿಗೆಯ ಜೀರುಂಡೆ ಇನ್ನೂ ಕೂಗುತ್ತಲೇ ಇದೆ. ಅದರ ಹಿಂದೆ ಎಲ್ಲೋ ಅವಳ ಆ ಮಾತು ಇರಬಹುದೆಂದು ಈಗಲೂ ಕಿವಿಗೊಟ್ಟು ಕೂರುತ್ತೇನೆ.