ಪಥ್ಯಕ್ಕೆ ಒಗ್ಗದ ನಾಲಗೆ

ಒಂದು ತಪ್ಪೊಪ್ಪಿಗೆಯಿಂದಲೇ ಶುರುಮಾಡುತ್ತೇನೆ. ನನ್ನ ಹೆಂಡತಿ ಲತಾ ಡಬ್ಬಿಗೆ ತುಂಬಿ ಕಳಿಸುತ್ತಿದ್ದ ಮೊಳಕೆ ಹೆಸರುಕಾಳನ್ನು ಎರಡು ವಾರ ನಾನು ಶಾಲೆಯ ಹಿಂದಿನ ಕಾಂಪೌಂಡು ಗೋಡೆಯ ಮೇಲೆ ಕಾಗೆಗಳಿಗೆ ಹಾಕಿದ್ದೇನೆ. ಮೊದಲ ದಿನ ನಾಲ್ಕು ಕಾಗೆ ಬಂದವು. ಮರುದಿನ ಎರಡು. ಆಮೇಲೆ ಒಂದೇ; ಅದೂ ಕಾಳನ್ನು ಕೊಕ್ಕಿನಿಂದ ಒಮ್ಮೆ ಹೊರಳಿಸಿ, ಕತ್ತು ಓರೆ ಮಾಡಿ ನನ್ನನ್ನು ನೋಡಿ, ಹಾರಿಹೋಯಿತು. ಶಿವಾಜಿನಗರದ ಕಾಗೆಗಳಿಗೆ ಬಿರಿಯಾನಿಯ ಮೂಳೆ ಬೇಕಾದಷ್ಟು ಸಿಗುತ್ತದೆ. ಮೊಳಕೆಕಾಳು ತಿನ್ನುವ ಗ್ರಹಚಾರ ಅವಕ್ಕೇಕೆ?

ನನಗೆ ಆ ಗ್ರಹಚಾರ ಬಂದದ್ದು ಹೇಗೆಂದು ಹೇಳಬೇಕು. ನಾನು ಅಲ್ಲಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಮನೆಯಲ್ಲಿ ಉರ್ದು, ತಮಿಳು ಮಾತಾಡುವ ಮಕ್ಕಳಿಗೆ ಒತ್ತಕ್ಷರ ಕಲಿಸುವುದು ನನ್ನ ಉದ್ಯೋಗ. ನಾಲ್ಕು ಗಂಟೆಗೆ ಶಾಲೆ ಬಿಟ್ಟು ಬಸ್ ನಿಲ್ದಾಣದವರೆಗೆ ನಡೆಯುವ ದಾರಿಯಲ್ಲಿ ಸಮೋಸ ಕರಿಯುವ ಬಾಣಲೆಗಳು ಮೂರು ಸಿಗುತ್ತವೆ. ಇಪ್ಪತ್ತು ವರ್ಷ ಆ ಮೂರರಲ್ಲಿ ಯಾವುದಕ್ಕೂ ನಾನು ಪಕ್ಷಪಾತ ಮಾಡಿದವನಲ್ಲ. ಅದರ ಫಲ ಹೊಟ್ಟೆಯ ಸುತ್ತ ನಿಧಾನವಾಗಿ ಕೂಡಿತು. ಅದನ್ನು ನಾನು ಮೇಷ್ಟ್ರಿಗೆ ಇರಬೇಕಾದ ಗಾಂಭೀರ್ಯ ಎಂದು ತಿಳಿದುಕೊಂಡಿದ್ದೆ.

ನನ್ನ ಅಕ್ಕ ಜಯಮ್ಮ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮರ್ಫಿ ಟೌನಿನಲ್ಲಿ ಮನೆ. ಮನೆಯಲ್ಲೇ ಕೂತು ರವಿಕೆ ಹೊಲಿಯುತ್ತಾಳೆ. ಎರಡು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ವಾರಕ್ಕೆ ಮೂರು ದಿನ ಡಯಾಲಿಸಿಸ್ಸಿಗೆ ಹೋಗಿ, ಅರ್ಧ ದಿನ ಮೆಷಿನ್ನಿನ ಪಕ್ಕ ಮಲಗಿ, ಮನೆಗೆ ಬಂದು ಮತ್ತೆ ಹೊಲಿಗೆಯ ಮುಂದೆ ಕೂರುತ್ತಿದ್ದಳು. ತನ್ನದೊಂದು ಕೊಡುತ್ತೇನೆಂದು ಭಾವ ಮುಂದೆ ಬಂದರು. ಸಕ್ಕರೆ ಕಾಯಿಲೆ ಇದ್ದುದರಿಂದ ಡಾಕ್ಟರು ಬೇಡವೆಂದರು. ಉಳಿದವನು ನಾನು. ರಕ್ತದ ಗುಂಪು ಒಂದೇ ಆಗಿತ್ತು.

ಇಲ್ಲಿ ಒಂದು ಮಾತು. ಕಿಡ್ನಿಗೆ ಕನ್ನಡದಲ್ಲಿ ಮೂತ್ರಪಿಂಡ ಎನ್ನಬೇಕು ಎಂದು ನಾನೇ ಮಕ್ಕಳಿಗೆ ಬರೆಸಿದ್ದೇನೆ. ಆದರೆ ಅಕ್ಕನ ಮುಂದೆ ನಿಂತು ‘ನನ್ನ ಒಂದು ಮೂತ್ರಪಿಂಡ ನಿನಗೆ ಕೊಡುತ್ತೇನೆ’ ಎಂದು ಹೇಳಲು ನಾಲಗೆ ಏಳಲಿಲ್ಲ. ಅದರಲ್ಲಿ ಮೊದಲರ್ಧ ಕೊಡುವ ವಸ್ತುವಲ್ಲ, ಉಳಿದರ್ಧವನ್ನು ಬದುಕಿರುವವರಿಗೆ ಯಾರೂ ಇಡುವುದಿಲ್ಲ. ಕಿಡ್ನಿ ಅಂದೆ. ಕನ್ನಡಮ್ಮ ಕ್ಷಮಿಸಿರಬೇಕು.

ತಪಾಸಣೆಗೆ ಹೋದಾಗ ನನಗೆ ಎಲ್ಲಿಲ್ಲದ ಧೈರ್ಯ. ಒಳಗಿರುವುದನ್ನು ತಾನೇ ನೋಡುತ್ತಾರೆ ಎಂದುಕೊಂಡಿದ್ದೆ. ಡಾಕ್ಟರು ರಿಪೋರ್ಟುಗಳನ್ನೆಲ್ಲ ತಿರುವಿ, ಕನ್ನಡಕ ಮೇಲೆತ್ತಿ, ‘ಎರಡೂ ಕಿಡ್ನಿ ತುಂಬಾ ಚೆನ್ನಾಗಿದೆ ಸರ್. ಸುತ್ತ ಇರೋದೇ ಜಾಸ್ತಿ’ ಅಂದರು. ಎಂಟು ಕೆ.ಜಿ. ಇಳಿಯಬೇಕು, ಗಡಿಯಲ್ಲಿ ನಿಂತಿರುವ ಸಕ್ಕರೆ ಹಿಂದಕ್ಕೆ ಸರಿಯಬೇಕು. ಆಮೇಲೆ ಆಪರೇಷನ್ನಿನ ಮಾತು. ಮೂರು ತಿಂಗಳು ಕೊಟ್ಟರು. ಪಕ್ಕದ ಕೋಣೆಯಲ್ಲಿದ್ದ ಡಯಟಿಷಿಯನ್ ಹುಡುಗಿ ಒಂದು ಚೀಟಿ ಕೊಟ್ಟಳು: ಓಟ್ಸ್, ಮೊಳಕೆಕಾಳು, ಹಸಿ ತರಕಾರಿ, ಪರಂಗಿ, ಕರ್ಬೂಜ, ಸೊಪ್ಪಿನ ರಸ, ಹಸಿರು ಟೀ. ಓದುತ್ತ ಹೋದಂತೆ ನನಗೆ ಹಸಿವು ಸತ್ತೇಹೋಯಿತು. ಬಹುಶಃ ಆ ಚೀಟಿ ಕೆಲಸ ಮಾಡುವುದೇ ಹಾಗೆ.

ನಮ್ಮ ಭಾಷೆಯಲ್ಲಿ ಪಥ್ಯ ಎಂಬ ಮಾತಿಗೆ ಎರಡು ಅರ್ಥ. ಒಂದು, ಕಾಯಿಲೆಯವರು ತಿನ್ನಬೇಕಾದ್ದು. ಇನ್ನೊಂದು, ಮನಸ್ಸಿಗೆ ಹಿತವಾದದ್ದು; ‘ಅವನ ಮಾತು ನನಗೆ ಪಥ್ಯವಾಗಲಿಲ್ಲ’ ಎನ್ನುತ್ತೇವಲ್ಲ, ಹಾಗೆ. ಈ ಎರಡು ಅರ್ಥಗಳನ್ನು ಒಂದೇ ಪದದೊಳಗೆ ಕೂರಿಸಿದವರು ಓಟ್ಸ್ ತಿಂದಿರಲಾರರು. ಲತಾ ಮೊದಲ ದಿನ ಮಾಡಿಕೊಟ್ಟ ಓಟ್ಸ್ ಗಂಜಿಯನ್ನು ಬಾಯಿಗಿಟ್ಟಾಗ ನನಗೆ ನೆನಪಾದದ್ದು ರಾಜ್ಯೋತ್ಸವಕ್ಕೆ ಗೋಡೆಗೆ ಚಾರ್ಟು ಅಂಟಿಸಲು ನಾವು ಕುದಿಸುವ ಮೈದಾ ಗೋಂದು. ಕಾಮಕಸ್ತೂರಿಯಂಥ ಇನ್ನೇನೋ ಬೀಜ ನೆನೆಹಾಕಿದಳು. ಲೋಟದಲ್ಲಿ ಕಪ್ಪೆಮೊಟ್ಟೆ ತೇಲಿದಂತೆ ಕಾಣಿಸಿತು. ಕಿನೋವಾ ಎಂಬ ಪರದೇಶದ ಧಾನ್ಯವನ್ನೂ ಬೇಯಿಸಿ ತಂದಳು. ಅದನ್ನು ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ನಾನು ಯೋಚಿಸುತ್ತಿರುವಾಗಲೇ ತಣ್ಣಗಾಗಿ ಗಟ್ಟಿಯಾಯಿತು.

ನಮ್ಮದು ಬುದ್ಧನನ್ನು ನಂಬಿದ ಮನೆ. ಕಷ್ಟ ಬಂದಾಗ ನಾನು ಗೋಡೆಯ ಮೇಲಿನ ಆತನ ಪಟ ನೋಡುವುದುಂಟು. ಆತ ವರ್ಷಗಟ್ಟಲೆ ಒಂದೊಂದು ಅಗುಳು ತಿಂದು ದೇಹ ಒಣಗಿಸಿದ. ಏನೂ ಸಿಕ್ಕಲಿಲ್ಲ. ಒಬ್ಬ ಹೆಣ್ಣುಮಗಳು ತಂದುಕೊಟ್ಟ ಪಾಯಸ ಉಂಡ ಮೇಲೆಯೇ ಬೆಳಕು ಕಂಡದ್ದು. ಇದನ್ನು ನಾನು ಲತಾಗೆ ವಿವರಿಸಿ ಹೇಳಿದೆ. ಆತ ಪಾಯಸಕ್ಕೆ ಮುಂಚೆ ಉಪವಾಸ ಮಾಡಿದ್ದ ಎಂಬುದನ್ನು ಅವಳು ನನಗೆ ನೆನಪಿಸಿದಳು.

ಒಂದು ತಿಂಗಳಾದ ಮೇಲೆ ತೂಕ ನೋಡಿದರು. ಇನ್ನೂರು ಗ್ರಾಂ ಹೆಚ್ಚಾಗಿತ್ತು. ಮನೆಯಲ್ಲಿ ಸೊಪ್ಪಿನ ರಸ ಕುಡಿದು, ಆ ರುಚಿಯನ್ನು ಮರೆಯಲು ಸಂಜೆ ಎರಡು ಸಮೋಸ ತಿನ್ನುತ್ತಿದ್ದೆ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಲತಾ ನೇರವಾಗಿ ಅಕ್ಕನಿಗೆ ಫೋನು ಮಾಡಿದಳು. ಅಕ್ಕ ನನಗೆ ಮಾಡಿ, ಇನ್ನು ಮೇಲೆ ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಶಾಲೆಯಿಂದ ನೇರ ತನ್ನ ಮನೆಗೆ ಬಂದು ತಿಂದು ಹೋಗಬೇಕೆಂದು ಅಪ್ಪಣೆ ಮಾಡಿದಳು. ಕಗ್ಗದಾಸಪುರದ ನನ್ನ ಮನೆಗೆ ಅವಳ ಮರ್ಫಿ ಟೌನ್ ಇರುವ ಹಲಸೂರಿನ ಮೇಲೆಯೇ ಹೋಗಬೇಕು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

ಮೊದಲ ಸಲ ಹೋದಾಗ ಅವಳು ಅಡುಗೆಮನೆಯಲ್ಲಿ ತನ್ನ ಊಟಕ್ಕೆ ಆಲೂಗಡ್ಡೆಯ ಹೋಳುಗಳನ್ನು ನೀರಿನಲ್ಲಿ ನೆನೆಹಾಕಿದ್ದಳು. ಗಂಟೆಗಟ್ಟಲೆ ನೆನೆಸಿ, ಆ ನೀರು ಚೆಲ್ಲಿ, ಬೇರೆ ನೀರಿನಲ್ಲಿ ಬೇಯಿಸಿ, ಅದನ್ನೂ ಚೆಲ್ಲಿ, ಉಳಿದದ್ದನ್ನು ತಿನ್ನಬೇಕು. ಇಲ್ಲದಿದ್ದರೆ ಅದರಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಸೇರಿ ಎದೆಗೆ ಅಪಾಯ. ಸೊಪ್ಪು ಬೇಡ, ಟೊಮ್ಯಾಟೊ ಬೇಡ, ಬಾಳೆಹಣ್ಣು, ಕಿತ್ತಳೆ, ಎಳನೀರು ಯಾವುದೂ ಬೇಡ. ಅವಳಿಗೆ ಬೇಡವೆಂದು ಬರೆದ ಚೀಟಿಯನ್ನು ಅಲ್ಲೇ ಕ್ಯಾಲೆಂಡರಿನ ಪಕ್ಕ ಅಂಟಿಸಿದ್ದಳು. ಓದಿ ನೋಡಿದೆ. ನನಗೆ ತಿನ್ನಲು ಕೊಟ್ಟಿದ್ದ ಚೀಟಿಯ ಅರ್ಧಕ್ಕರ್ಧ ಅದರಲ್ಲಿತ್ತು.

ಅವಳು ನನ್ನ ಮುಂದೆ ತಟ್ಟೆಯಲ್ಲಿ ಕರ್ಬೂಜದ ಹೋಳುಗಳನ್ನಿಟ್ಟು ಎದುರಿಗೆ ಕೂತಳು. ಸಕ್ಕರೆ ಇಲ್ಲ, ಬೆಲ್ಲ ಇಲ್ಲ. ಒಂದು ಹೋಳು ಬಾಯಿಗೆ ಹಾಕಿಕೊಂಡೆ.

‘ಹೆಂಗಿದೆ?’ ಅಂದಳು.

‘ಏನೂ ಇಲ್ಲ ಬಿಡಕ್ಕ. ಬರೀ ನೀರು.’

ಅವಳು ತಟ್ಟೆಯ ಕಡೆ ನೋಡಿದಳು. ಆಮೇಲೆ, ‘ಬರೀ ನೀರು ಅಂತೀಯಲ್ಲೋ’ ಅಂದಳು.

ಕಿಟಕಿಯ ಮೇಲೆ ಒಂದು ಸಣ್ಣ ಬಾಟಲಿ ಇತ್ತು. ಡಾಕ್ಟರು ಅವಳಿಗೆ ದಿನಕ್ಕೆ ಅಳೆದು ಬಿಟ್ಟ ನೀರು ಅಷ್ಟೇ. ಮಾತ್ರೆ ನುಂಗುವುದೂ ಅದರಲ್ಲೇ, ಕಾಫಿ ಕುಡಿದರೆ ಅದೂ ಅದರ ಲೆಕ್ಕಕ್ಕೇ. ತಟ್ಟೆಯಿಂದ ಇನ್ನೊಂದು ಹೋಳು ಎತ್ತಿಕೊಂಡು ನಿಧಾನವಾಗಿ ಅಗಿದೆ.

ಅವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ರೂಢಿ ಬಿತ್ತು. ನಾನು ತಿನ್ನಬೇಕು, ತಿಂದದ್ದು ಹೇಗಿದೆ ಎಂದು ಅವಳಿಗೆ ಹೇಳಬೇಕು. ಚೆನ್ನಾಗಿದೆ ಅಂದರೆ ಒಪ್ಪುತ್ತಿರಲಿಲ್ಲ. ‘ಮಕ್ಕಳಿಗೆ ಪದ್ಯ ಪಾಠ ಮಾಡೋನು ನೀನು. ಒಂದು ಹಣ್ಣಿನ ರುಚಿ ಹೇಳಕ್ಕೆ ಬರಲ್ವಾ?’ ಅನ್ನುವಳು. ನನಗೆ ಪೀಕಲಾಟ. ಹೇಳಬೇಕಾದರೆ ಗಮನವಿಟ್ಟು ತಿನ್ನಬೇಕು. ಪರಂಗಿ ತುದಿಯಲ್ಲಿ ಸಪ್ಪೆ, ಬೀಜದ ಕಡೆ ಬಂದಂತೆ ಸಿಹಿ. ದಂಟಿನ ಸೊಪ್ಪಿನಲ್ಲಿ ಮಣ್ಣಿನ ವಾಸನೆಯಿದೆ, ಮಳೆ ಬಿದ್ದ ಮಣ್ಣಿನದಲ್ಲ, ಕುಂಡದ್ದು. ಮೂಲಂಗಿ ಮೊದಲು ತಣ್ಣಗಿದ್ದು ಆಮೇಲೆ ಮೂಗಿಗೆ ಹೊಡೆಯುತ್ತದೆ. ಅಕ್ಕ ಸೂಜಿಗೆ ದಾರ ಪೋಣಿಸುತ್ತ ಎಲ್ಲವನ್ನೂ ಕೇಳುವಳು. ಒಮ್ಮೊಮ್ಮೆ ‘ಅಲ್ಲ ಕಣೋ, ಅದು ಒಗರು’ ಎಂದು ತಿದ್ದುವಳು. ನನ್ನ ಬಾಯಲ್ಲಿದ್ದದ್ದರ ರುಚಿ ಅವಳಿಗೇ ಚೆನ್ನಾಗಿ ಗೊತ್ತಿತ್ತು.

ಇದರಿಂದ ನನಗೆ ಸೊಪ್ಪುಸದೆ ಪ್ರಿಯವಾಯಿತು ಎಂದು ನೀವು ನಿರೀಕ್ಷಿಸಿದ್ದರೆ ದಯವಿಟ್ಟು ಮನ್ನಿಸಿ. ಆಗಲಿಲ್ಲ. ಯಾವುದು ಯಾಕೆ ಇಷ್ಟವಿಲ್ಲ ಎಂದು ವಿವರವಾಗಿ ಹೇಳಲು ಬಂತು, ಅಷ್ಟೆ. ಓಟ್ಸ್ ಮಾತ್ರ ವಿವರಣೆಗೂ ಸಿಗಲಿಲ್ಲ. ಕೊನೆಗೆ ಅಕ್ಕನೇ ನನ್ನ ಜೊತೆ ಡಯಟಿಷಿಯನ್ ಹತ್ತಿರ ಬಂದು, ‘ಇವನಿಗೆ ಅದು ಗಂಟಲಲ್ಲಿ ಇಳಿಯಲ್ಲ ಮೇಡಂ. ಮುದ್ದೆ ಆದ್ರೆ ಇಳಿಯುತ್ತೆ’ ಅಂದಳು. ಎಷ್ಟು ದೊಡ್ಡ ಮುದ್ದೆ ಎಂದು ಆ ಹುಡುಗಿ ಕೇಳಿದಳು. ಅಕ್ಕ ಎರಡು ಕೈ ಸೇರಿಸಿ ತೋರಿಸಿದಳು. ಹುಡುಗಿ ತಲೆಯಾಡಿಸಿದಳು. ಅಕ್ಕ ಕೈ ಸ್ವಲ್ಪ ಹತ್ತಿರ ತಂದಳು. ತರಕಾರಿ ಗಾಡಿಯ ಮುಂದೆ ನಿಂತಂತೆ ಇಬ್ಬರೂ ಚೌಕಾಸಿ ಮಾಡಿ ಮಾಡಿ, ಕೊನೆಗೆ ನಿಂಬೆಹಣ್ಣಿಗಿಂತ ಒಂದು ಚೂರು ದೊಡ್ಡದಕ್ಕೆ ಒಪ್ಪಂದವಾಯಿತು. ಅದನ್ನು ಮುದ್ದೆ ಎಂದು ಕರೆಯುವುದು ಮುದ್ದೆಗೆ ಅವಮಾನ. ಆದರೂ ಜೊತೆಗೆ ಬಸ್ಸಾರು ಇತ್ತು.

ಎರಡನೆಯ ತಿಂಗಳು ತೂಕ ಮೂರು ಕೆ.ಜಿ. ಇಳಿಯಿತು. ಇಳಿಯಬೇಕಾದ್ದು ಅದಕ್ಕಿಂತ ಹೆಚ್ಚು. ಏಕೆಂದರೆ ಅಕ್ಕನಿಗೆ ಡಯಾಲಿಸಿಸ್ ಇದ್ದ ದಿನಗಳಲ್ಲಿ ನಾನಿನ್ನೂ ಆ ಮೂರು ಬಾಣಲೆಗಳ ದಾರಿಯಲ್ಲೇ ಇದ್ದೆ.

ಒಂದು ಸಂಜೆ ಅವಳು ಊಟದ ಡಬ್ಬಿ ತೊಳೆಯಲೆಂದು ನನ್ನ ಚೀಲ ತೆರೆದಳು. ಅದರಲ್ಲಿ ಒಂಬತ್ತನೆಯ ತರಗತಿಯ ಉತ್ತರಪತ್ರಿಕೆಗಳಿದ್ದವು. ಮೇಲಿನ ಪತ್ರಿಕೆಯ ಮಧ್ಯದಲ್ಲಿ ಎಣ್ಣೆ ಹೀರಿ ಪಾರದರ್ಶಕವಾದ ಒಂದು ಗುಂಡು ಕಲೆ. ಅದರ ಕೆಳಗೆ ಮಡಚಿಟ್ಟ ನ್ಯೂಸ್‌ಪೇಪರು. ಅಕ್ಕ ಅದನ್ನು ಮೂಸಿ ನೋಡಿದಳು. ಬೈಯುತ್ತಾಳೆ ಎಂದು ನಾನು ಸಿದ್ಧನಾದೆ. ಅವಳು ಬೈಯಲಿಲ್ಲ. ಪೇಪರನ್ನು ಬುಟ್ಟಿಗೆ ಹಾಕಿ, ಹೊಲಿಗೆ ಕೈಗೆತ್ತಿಕೊಂಡು ಕೂತಳು.

‘ರಾಜು, ಕೊಡಲೇಬೇಕು ಅಂತ ಏನಿಲ್ಲ ಕಣೋ. ಭಯ ಇದ್ರೆ ಹೇಳ್ಬಿಡು. ನಾನೇನೂ ಬೇಜಾರು ಮಾಡ್ಕೊಳಲ್ಲ.’

ಛೆ, ಭಯ ಎಲ್ಲಿಂದ ಬಂತು, ಇದು ಬರೀ ಬಾಯಿಚಪಲ ಎನ್ನಲು ಹೊರಟೆ. ಸಮೋಸ ತಿನ್ನುವಾಗ ನನ್ನೊಳಗೆ ಏನು ಓಡುತ್ತಿತ್ತು ಎಂದು ಆ ಕ್ಷಣದಲ್ಲಿ ಮೊದಲ ಬಾರಿಗೆ ನೋಡಿಕೊಂಡೆ. ತೂಕ ಇಳಿಯದಿದ್ದರೆ ಆಪರೇಷನ್ ಇಲ್ಲ. ಇಲ್ಲ ಎಂದು ಹೇಳುವವರು ಡಾಕ್ಟರು, ನಾನಲ್ಲ. ಪಕ್ಕೆಯ ಮೇಲೆ ಕತ್ತಿ ಬೀಳುವುದನ್ನು ನಾನು ಶಾಲೆಯಲ್ಲಿ, ಬಸ್ಸಿನಲ್ಲಿ ಕೂತಾಗಲೆಲ್ಲ ಯೋಚಿಸುತ್ತಿದ್ದೆ. ಆಮೇಲೆ ಹೋಗಿ ಏನಾದರೂ ತಿನ್ನುತ್ತಿದ್ದೆ. ಓಟ್ಸಿನ ಮೇಲೆ ನಾನು ಹೊರಿಸಿದ ದೂರುಗಳೆಲ್ಲ ನಿಜವೇ. ಆದರೆ ಆ ದೂರುಗಳ ಹಿಂದೆ ಒಬ್ಬ ಪುಕ್ಕಲ ಅಡಗಿ ಕೂತಿದ್ದ.

‘ಇದೆ ಅಕ್ಕ. ಭಯ ಇದೆ’ ಅಂದೆ.

ಅವಳು ಸೂಜಿಯಿಂದ ಕಣ್ಣು ತೆಗೆಯಲಿಲ್ಲ. ‘ನಂಗೂ ಇದೆ. ನಿಂಗೇನಾದ್ರೂ ಹೆಚ್ಚುಕಮ್ಮಿ ಆದ್ರೆ ಲತಾಗೆ ಏನಂತ ಹೇಳ್ಲಿ ಅಂತ.’

ಹೊರಗೆ ಯಾರೋ ತಮಿಳಿನಲ್ಲಿ ಹೂವಿನವಳನ್ನು ಕರೆದರು. ಅಕ್ಕ ದಾರವನ್ನು ಹಲ್ಲಿನಲ್ಲಿ ಕಡಿದು, ಹಣ್ಣಿನ ತಟ್ಟೆಯನ್ನು ನನ್ನ ಕಡೆ ತಳ್ಳಿದಳು. ‘ಕೊಡ್ತೀನಿ, ಅಕ್ಕ’ ಅಂದೆ. ‘ಹಂಗಾದ್ರೆ ತಿನ್ನು’ ಅಂದಳು.

ಆಮೇಲೆ ಬಾಣಲೆಗಳ ಬೀದಿಯನ್ನು ಬಿಟ್ಟು ಇನ್ನೊಂದು ರಸ್ತೆಯಲ್ಲಿ ನಡೆದೆ. ಆಸೆ ಹೋಗಲಿಲ್ಲ. ವಾಸನೆ ಎರಡು ರಸ್ತೆ ದಾಟಿ ಬರುತ್ತದೆ. ಆದರೆ ತಿನ್ನಲೇಬೇಕು ಎಂಬ ಆ ಆತುರ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಟ್ಟುಹಬ್ಬದ ಕೇಕು ಹಿಡಿದು ಬಂದರೆ ಲೈಬ್ರರಿಗೆ ಹೋಗಿ ಕೂರುತ್ತಿದ್ದೆ. ಆ ವರ್ಷ ನಾನು ಓದಿದಷ್ಟು ಯಾವ ವರ್ಷವೂ ಓದಿರಲಿಲ್ಲ.

ಮೂರನೆಯ ತಿಂಗಳ ಕೊನೆಗೆ ಸಕ್ಕರೆ ಗಡಿಯಿಂದ ಹಿಂದಕ್ಕೆ ಸರಿದಿತ್ತು. ತೂಕದ ಮೆಷಿನ್ ಹತ್ತುವ ಮುಂಚೆ ಬೆಲ್ಟು, ಗಡಿಯಾರ, ಪರ್ಸು, ಬೀಗದಕೈ, ಚಪ್ಪಲಿ ಎಲ್ಲ ತೆಗೆದಿಟ್ಟೆ. ಕನ್ನಡಕವನ್ನೂ ಬಿಡಲಿಲ್ಲ. ಅದರಿಂದಾಗಿ ಅಂಕಿ ನನಗೆ ಕಾಣಿಸಲೇ ಇಲ್ಲ. ಅಕ್ಕ ಬಗ್ಗಿ ಓದಿದಳು. ಇನ್ನೊಮ್ಮೆ ಓದಿದಳು. ಎಂಟು ಕೆ.ಜಿ. ನೂರು ಗ್ರಾಂ ಇಳಿದಿತ್ತು. ನೂರು ಗ್ರಾಂ ಜಾಸ್ತಿ ಯಾಕೆ ಇಳಿಸಿದೆ, ಸುಮ್ಮನೆ ವೇಸ್ಟು ಎಂದು ಭಾವ ನಕ್ಕರು. ಅಕ್ಕ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡು, ಆಸ್ಪತ್ರೆಯಲ್ಲಿ ಧೂಳು ಜಾಸ್ತಿ ಎಂದು ಗೊಣಗಿದಳು.

ಆಪರೇಷನ್ ದಿನದ ಬಗ್ಗೆ ಹೇಳಲು ನನ್ನಲ್ಲಿ ಏನೂ ಇಲ್ಲ. ನಿದ್ದೆ ಹೋದೆ, ಎದ್ದೆ, ಪಕ್ಕೆ ನೋಯುತ್ತಿತ್ತು. ಮೂರನೆಯ ದಿನ ಗೋಡೆ ಹಿಡಿದುಕೊಂಡು ನಡೆದು, ಗಾಜಿನಾಚೆಯಿಂದ ಅಕ್ಕನನ್ನು ನೋಡಿದೆ. ನರ್ಸು ಒಂದು ದೊಡ್ಡ ಬಾಟಲಿ ಹಿಡಿದು, ಇನ್ನೂ ಕುಡೀರಿ ಅಮ್ಮ, ಇಷ್ಟು ಸಾಲದು ಎಂದು ಅವಳನ್ನು ಪೀಡಿಸುತ್ತಿದ್ದಳು. ಅಕ್ಕ ನನ್ನತ್ತ ನೋಡಿ, ಬಾಟಲಿ ತೋರಿಸಿ, ಸಾಕಾಗಿಹೋಯಿತು ಎಂಬಂತೆ ಕೈಯಾಡಿಸಿದಳು.

ಈಗ ಅವಳು ಮನೆಯಲ್ಲಿದ್ದಾಳೆ. ರವಿಕೆಗಳು ಮತ್ತೆ ಸಮಯಕ್ಕೆ ಸರಿಯಾಗಿ ಸಿಗುತ್ತಿವೆ ಎಂದು ಮರ್ಫಿ ಟೌನಿನ ಹೆಂಗಸರು ಸಂತೋಷವಾಗಿದ್ದಾರೆ. ನನಗೆ ಒಂದೇ ಕಿಡ್ನಿ ಇರುವುದರಿಂದ ಆಗಾಗ ತಪಾಸಣೆಗೆ ಹೋಗಬೇಕು. ಮೊನ್ನೆ ಹೋಗಿದ್ದೆ. ಡಾಕ್ಟರು ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ಮುಗುಳ್ನಕ್ಕರು. ಎರಡರ ಕೆಲಸವನ್ನು ಒಂದೇ ಹೊತ್ತುಕೊಂಡಾಗ ಅದು ತಾನಾಗಿ ಸ್ವಲ್ಪ ಬೆಳೆಯುತ್ತದಂತೆ. ನನ್ನದು ಚೆನ್ನಾಗಿ ಬೆಳೆದಿದೆಯಂತೆ. ‘ಒಳ್ಳೇ ದಪ್ಪ ಆಗಿದೆ ಸರ್’ ಎಂದು ಎದ್ದು ನಿಂತು ನನ್ನ ಕೈ ಕುಲುಕಿದರು. ಇನ್ನೊಂದು ಸಲ ಹೇಳಿ ಎಂದು ಕೇಳಿ ಹೇಳಿಸಿಕೊಂಡೆ. ನನ್ನದು ಏನೋ ಒಂದು ದಪ್ಪಗಾಯಿತೆಂದು ಒಬ್ಬ ಡಾಕ್ಟರು ಸಂತೋಷಪಟ್ಟದ್ದು ಈ ಜನ್ಮದಲ್ಲಿ ಅದೇ ಮೊದಲು.