ನೆಲ ಮುಟ್ಟದ ವೀಣೆ

ನಮ್ಮೂರು ಜುಗೂಳದ ಸುಂದರಕ್ಕನಿಗೆ ದೇವರ ಹುಚ್ಚು. ಕಬ್ಬು ಕಡಿಯುವ ಕೂಲಿಗೆ ನಾವಿಬ್ಬರೂ ಜೊತೆಗೇ ಹೋಗುತ್ತೇವೆ. ಹೊರೆ ಕಟ್ಟುವಾಗಲೂ ಅವಳು ವಿಠ್ಠಲನ ಜೊತೆ ಮಾತಾಡುತ್ತಲೇ ಇರುತ್ತಾಳೆ. ಆರತಿಯ ಹೊತ್ತಿಗೆ ಊರೆಲ್ಲ ಮೂರ್ತಿಗೆ ಕೈಮುಗಿದರೆ, ಇವಳು ಕಣ್ಣು ಮುಚ್ಚಿ ತನ್ನ ಎದೆಯ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ.

ಇದು ಅಪ್ಪಾಸಾಬಣ್ಣನಿಗೆ ಸೇರುವುದಿಲ್ಲ. ಊರಿನ ಸಪ್ತಾಹ ನಡೆಸುವ ಹಿರಿಯ ಅವನು, ಮಹಾ ಮಡಿವಂತ. ಸಪ್ತಾಹವೆಂದರೆ ಏಳು ದಿನ ಹಗಲೂ ರಾತ್ರಿ ವಿಠ್ಠಲನ ನಾಮ ನಿಲ್ಲುವಂತಿಲ್ಲ, ಅದಕ್ಕೆ ಮೀಟುವ ವೀಣೆ ನೆಲ ಮುಟ್ಟುವಂತಿಲ್ಲ. ಒಬ್ಬರ ಪಾಳಿ ಮುಗಿದರೆ ಮುಂದಿನವರು ಅವರ ಕಾಲಿಗೆ ನಮಸ್ಕರಿಸಿ, ವೀಣೆಯನ್ನು ಕೊರಳಿಗೆ ಹಾಕಿಕೊಂಡು ನಿಲ್ಲಬೇಕು. ಸುಂದರಕ್ಕನಿಗೆ ಜೀವಮಾನದಲ್ಲಿ ಇದ್ದದ್ದು ಒಂದೇ ಆಸೆ, ಒಂದು ಪಾಳಿ ಆ ವೀಣೆ ಹಿಡಿಯಬೇಕು. ಪ್ರತಿ ವರ್ಷ ಕೇಳುತ್ತಿದ್ದಳು. ಮೊದಲು ದೀಕ್ಷೆಯ ತುಳಸಿ ಮಾಲೆ ಹಾಕಿಸಿಕೊಂಡು ಬಾ ಎಂದು ಅವನು ಅಟ್ಟುತ್ತಿದ್ದ.

“ಅಂವ ಒಳಗ ಕುಂತಾನ್ರಿ ಅಣ್ಣಾ. ನಾ ಬ್ಯಾರೆ ಅಂವ ಬ್ಯಾರೆ ಆಗಿದ್ರ ಮಾಲಿ ಹಾಕೋತಿದ್ದೆ,” ಎಂದಳು ಈ ಸಲ.

ಅಪ್ಪಾಸಾಬಣ್ಣ ಕೆಂಡವಾದ. ತಾನೇ ದೇವರು ಅನ್ನುವವಳು ವೀಣೆ ಮುಟ್ಟಿದರೆ ಸಪ್ತಾಹವೇ ಕೆಟ್ಟಂತೆ ಎಂದು ಎಲ್ಲರೆದುರು ಅಂದುಬಿಟ್ಟ. ಅವಳು ಕಸಬರಿಗೆ ಹಿಡಿದು ಮಂಟಪ ಗುಡಿಸಲು ಹೋದಳು. ನಾನು ಅವನನ್ನು ಬೈದುಕೊಳ್ಳುತ್ತ ಅವಳ ಹಿಂದೆ ಹೋದೆ.

ಏಕಾದಶಿಯ ಮಧ್ಯಾಹ್ನ ಉಳಿದ ಗಂಡಸರೆಲ್ಲ ಫಲಾಹಾರಕ್ಕೆ ಹೋಗಿದ್ದರು, ನಾವಿಬ್ಬರೂ ಮಂಟಪ ಗುಡಿಸುತ್ತಿದ್ದೆವು. ವೀಣೆ ಹಿಡಿದು ನಿಂತಿದ್ದ ಲಗಮಣ್ಣ ಸಕ್ಕರೆ ಕಾಯಿಲೆಯವನು, ಅದರ ಮೇಲೆ ನಿರಾಹಾರದ ಹಟ ಬೇರೆ. ನಿಂತಲ್ಲೇ ವಾಲಿದ. ಸುಂದರಕ್ಕ ಕಸಬರಿಗೆ ಬಿಸಾಕಿ ಓಡಿ ವೀಣೆ ಹಿಡಿದುಕೊಂಡಳು. ನಾನು ಅವನನ್ನು ಕೂರಿಸಿ, ಬೆಲ್ಲದ ನೀರು ಕುಡಿಸಿ, ತಿರುಗಿ ನೋಡಿದರೆ ವೀಣೆ ಅವಳ ಕೊರಳಲ್ಲಿದೆ, ನಾಮ ಬಾಯಲ್ಲಿದೆ. ನಾವು ಯಾರೂ ಇದ್ದೇವೆಂಬ ಖಬರೇ ಅವಳಿಗಿಲ್ಲ.

ಸುದ್ದಿ ತಿಳಿದು ಅಪ್ಪಾಸಾಬಣ್ಣ ಓಡಿಬಂದ, ಹಿಂದೆ ಊರೂ ಬಂತು. ಕೊಡು ಅಂದ. ಅವಳಿಗೆ ಕೇಳಿಸಲೇ ಇಲ್ಲ. ಕಸಿದುಕೊಳ್ಳಲು ಕೈಚಾಚಿದ. ನನ್ನ ಬಾಯಿ ಸುಮ್ಮನಿರಬೇಕಲ್ಲ?

“ಪದ್ಧತಿ ನಿಮ್ದರಿ ಅಣ್ಣಾ. ಕಾಲ ಮುಟ್ಟಿ ತಗೋರಿ,” ಅಂದೆ.

ಅವನ ಕೈ ಅಲ್ಲೇ ನಿಂತಿತು. ನನ್ನನ್ನು ನುಂಗುವಂತೆ ನೋಡಿದ. ನಾನು ಅವನನ್ನು ಎಷ್ಟು ಬೈದರೂ ಒಂದು ಮಾತು ನಿಜ, ಪದ್ಧತಿ ಮುರಿಯುವ ಆಸಾಮಿ ಅಲ್ಲ. ಬಗ್ಗಿದ. ಕಬ್ಬಿನ ಒಣಗರಿಯ ರವದಿ ಗೀರಿದ ಅವಳ ಪಾದಕ್ಕೆ ಹಣೆ ಹಚ್ಚಿದ.

ಸುಂದರಕ್ಕ ಕಣ್ಣು ತೆರೆದಳು. ಅವನನ್ನು ನೋಡಿ ಮುಖವೆಲ್ಲ ಅರಳಿತು. ವೀಣೆ ಸಮೇತ ಬಗ್ಗಿ ತಾನೂ ಅವನ ಕಾಲು ಮುಟ್ಟಿದಳು.

“ಬಂದ್ಯಾ ವಿಠ್ಠಲಾ,” ಅಂದಳು ಅವನಿಗೆ. “ತಗೋ, ನಿಂದ ಐತಿ.”

ಅವಳು ತೆಗೆದುಕೊಟ್ಟ ವೀಣೆಯನ್ನು ಅಪ್ಪಾಸಾಬಣ್ಣ ತಿರುಗಿ ಅವಳ ಕೊರಳಿಗೇ ಹಾಕಿದ. ಮೂಲೆಯಲ್ಲಿದ್ದ ತಾಳ ಎತ್ತಿಕೊಂಡು ಅವಳ ಹಿಂದೆ ನಿಂತ.

ಸಂಜೆಯವರೆಗೂ ಅವಳು ನಾಮ ಹೇಳಿದಳು, ಊರು ಹಾಡಿತು. ಕುಣಿದು ಕುಣಿದು ನನ್ನ ಕಾಲು ಸೋತವು, ಖುಷಿ ಸೋಲಲಿಲ್ಲ. ಆರತಿಯ ಹೊತ್ತಿಗೆ ನಾನು ಮೂರ್ತಿಯ ಕಡೆ ನೋಡಲೇ ಇಲ್ಲ, ಅಪ್ಪಾಸಾಬಣ್ಣನನ್ನೇ ನೋಡುತ್ತಿದ್ದೆ. ಅವನ ಕೈ ಎದೆಯ ಮೇಲಿತ್ತು.